ದಾದಾಸಾಹೇಬ ಫಾಲ್ಕೆ

ಚಲನಚಿತ್ರವೊಂದು ಮುಗಿದೊಡನೆ ಬೆಳ್ಳಿತೆರೆಯ ಮೇಲೆ ಹೆಸರುಗಳ ದೀರ್ಘವಾದ ಪಟ್ಟಿಯೊಂದು ಸರಿದುಹೋಗುತ್ತದೆ. ಕಥೆಯನ್ನು ಬರೆದವರು, ಛಾಯಾಗ್ರಹಣ ಮಾಡಿದವರು, ವೇಷಭೂಷಣ ಸಿದ್ಧಪಡಿಸಿದವರು, ದೃಶ್ಯಗಳನ್ನು ಕತ್ತರಿಸಿ ಜೋಡಿಸಿದವರು, ದೀಪ ಹಿಡಿದವರು, ಅಡುಗೆ ಮಾಡಿ ಬಡಿಸಿದವರು, ಹೀಗೆ ಎಷ್ಟೋ ಮಂದಿಯ ಹೆಸರುಗಳು ಅದರಲ್ಲಿ ಇರುತ್ತವೆ. ಇವರಲ್ಲಿ ಪ್ರತಿಯೊಬ್ಬರದೂ ಒಂದೊಂದು ವೃತ್ತಿ. ಆದರೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಮ್ಮ ದೇಶದಲ್ಲಿ ಇಂತಹ ವೃತ್ತಿಗಳು ಇರಲಿಲ್ಲ. ಅವುಗಳನ್ನು ಕಲಿಸುವ ಶಾಲೆ ಇರಲಿಲ್ಲ; ಕಲಿಸಬಲ್ಲ ಗುರುವೂ ಇರಲಿಲ್ಲ. ಅಂತಹ ಕಾಲದಲ್ಲಿ ಈ ಎಲ್ಲ ಕೆಲಸಗಳನ್ನೂ ತಾವೇ ಕಲಿತು, ಇತರರಿಗೂ ಕಲಿಸಿ, ಭಾರತದಲ್ಲಿ ಚಲನಚಿತ್ರ ಕಲೆಗೆ ತಳಹದಿ ಹಾಕಿದ ಸಾಹಸಿ ದಾದಾಸಾಹೇಬ ಫಾಲ್ಕೆ.

ಅವರ ಪೂರ್ಣ ಹೆಸರು ಧುಂಡಿರಾಜ ಗೋವಿಂದ ಫಾಲ್ಕೆ. 1870ರ ಏಪ್ರಿಲ್ 30ರಂದು ನಾಸಿಕದ ಸಮೀಪದ ತ್ರ್ಯಂಬಕೇಶ್ವರದಲ್ಲಿ ಅವರು ಜನಿಸಿದರು. ಗೋದಾವರಿಯ ಉಗಮಸ್ಥಾನವೆಂದು ಪ್ರಸಿದ್ಧವಾದ ಪುಣ್ಯಕ್ಷೇತ್ರವದು. ತಂದೆ ಸಂಸ್ಕೃತ ವಿದ್ವಾಂಸರು. ರಾಮಾಯಣ, ಮಹಾಭಾರತ, ಪುರಾಣಗಳ ಕಥೆಗಳು ಬಾಲಕನ ಕಿವಿಗೆ ಎಳವೆಯಲ್ಲಿಯೇ ಬಿದ್ದವು. ಆದರೆ ಮಗನ ಒಲವು ಶಾಸ್ತ್ರಪಾಠಕ್ಕಿಂತ ಚಿತ್ರ ಬರೆಯುವುದರಲ್ಲಿ, ವೇಷ ಕಟ್ಟುವುದರಲ್ಲಿ, ಇಂದ್ರಜಾಲದ ಆಟಗಳಲ್ಲಿ ಹೆಚ್ಚಾಗಿತ್ತು. ತಂದೆಗೆ ಮುಂಬಯಿಯ ವಿಲ್ಸನ್ ಕಾಲೇಜಿನಲ್ಲಿ ಸಂಸ್ಕೃತ ಅಧ್ಯಾಪಕರ ಹುದ್ದೆ ದೊರೆಯಿತು. ಕುಟುಂಬವು ಆ ಮಹಾನಗರಕ್ಕೆ ಬಂದು ನೆಲೆಸಿತು. ಅಲ್ಲಿ 1885ರಲ್ಲಿ ಧುಂಡಿರಾಜನು ಜೆ. ಜೆ. ಕಲಾಶಾಲೆಯನ್ನು ಸೇರಿದನು.

ಮುಂದೆ ಬರೋಡದ ಕಲಾಭವನದಲ್ಲಿ ಅವರ ಅಭ್ಯಾಸ ಮುಂದುವರಿಯಿತು. ವರ್ಣಚಿತ್ರ, ಶಿಲ್ಪದ ಮಾದರಿಗಳ ರಚನೆ, ವಾಸ್ತುಶಿಲ್ಪ, ಛಾಯಾಚಿತ್ರಣ ಎಲ್ಲದರಲ್ಲಿಯೂ ಅವರು ಪರಿಶ್ರಮ ಪಡೆದರು. ಅಲ್ಲಿನ ಮುಖ್ಯಸ್ಥರಾದ ಪ್ರಾಧ್ಯಾಪಕ ಗಜ್ಜರ್ ಅವರು ಈ ವಿದ್ಯಾರ್ಥಿಯ ಆಸಕ್ತಿಯನ್ನು ಗುರುತಿಸಿ, ಸಂಸ್ಥೆಯ ಛಾಯಾಚಿತ್ರ ಶಾಲೆಯನ್ನು ಬಳಸಿಕೊಳ್ಳಲು ಅನುವು ಮಾಡಿಕೊಟ್ಟರು.

ವಿದ್ಯೆಯೇನೋ ದೊರೆಯಿತು, ಆದರೆ ಜೀವನ ಸುಗಮವಾಗಲಿಲ್ಲ. ಗೋಧ್ರಾ ಪಟ್ಟಣದಲ್ಲಿ ಅವರು ಛಾಯಾಚಿತ್ರಗಾರರಾಗಿ ನೆಲೆಸಿದರು. ಅಷ್ಟರಲ್ಲಿ ಪ್ಲೇಗು ಮಾರಿಯು ಅವರ ಪತ್ನಿಯನ್ನೂ ಮಗುವನ್ನೂ ಬಲಿ ತೆಗೆದುಕೊಂಡಿತು. ಮನೆ ಬರಿದಾಯಿತು. ಅವರು ಊರು ಬಿಟ್ಟರು. ಕ್ಯಾಮೆರಾದ ಮುಂದೆ ನಿಂತರೆ ದೇಹದ ಸತ್ತ್ವವೆಲ್ಲ ಹೀರಿಹೋಗುತ್ತದೆಂದು ಜನರು ಅಂಜುತ್ತಿದ್ದ ಕಾಲವದು. ಬರೋಡದಲ್ಲಿ ತೆರೆದ ಛಾಯಾಚಿತ್ರದ ಅಂಗಡಿಯೂ ನಡೆಯಲಿಲ್ಲ. ಒಬ್ಬ ಜರ್ಮನ್ ಐಂದ್ರಜಾಲಿಕನಿಂದ ಜಾದೂವಿನ ಕೈಚಳಕವನ್ನು ಕಲಿತು, ತಮ್ಮ ಹೆಸರಿನ ಅಕ್ಷರಗಳನ್ನು ಹಿಂದುಮುಂದಾಗಿಸಿ ಕೆಲ್ಫಾ ಎಂಬ ಹೆಸರಿನಲ್ಲಿ ಅವರು ಪ್ರದರ್ಶನಗಳನ್ನು ನೀಡಿದ್ದೂ ಉಂಟು.

1902ರಲ್ಲಿ ಅವರು ಪುನಃ ವಿವಾಹವಾದರು. ಪತ್ನಿ ಸರಸ್ವತೀಬಾಯಿ. ಮರುವರ್ಷ ಸರಕಾರದ ಪುರಾತತ್ತ್ವ ಇಲಾಖೆಯಲ್ಲಿ ಛಾಯಾಚಿತ್ರಗಾರ ಮತ್ತು ನಕ್ಷೆಗಾರನ ಕೆಲಸ ದೊರೆಯಿತು. ವಂಗಭಂಗದ ತರುವಾಯ ಸ್ವದೇಶೀ ಚಳುವಳಿಯ ಅಲೆಯು ದೇಶವನ್ನೆಲ್ಲ ವ್ಯಾಪಿಸಿದಾಗ, 1906ರಲ್ಲಿ ಅವರು ಆ ನೌಕರಿಗೆ ರಾಜೀನಾಮೆಯಿತ್ತರು. ಬಳಿಕ ಲೋಣಾವಳಾದಲ್ಲಿ ಮುದ್ರಣ ಕಾರ್ಯವನ್ನು ಆರಂಭಿಸಿ, ರಾಜಾ ರವಿವರ್ಮನ ಚಿತ್ರಗಳನ್ನು ಅಚ್ಚು ಹಾಕುತ್ತಿದ್ದ ಮುದ್ರಣಾಲಯಕ್ಕಾಗಿ ದುಡಿದರು. 1909ರಲ್ಲಿ ಜರ್ಮನಿಗೆ ತೆರಳಿ ಬಣ್ಣದ ಮುದ್ರಣದ ಯಂತ್ರಗಳನ್ನು ತಂದರು. ಮುದ್ರಣಾಲಯವು ಹೆಸರು ಗಳಿಸಿತು. ಆದರೆ ಪಾಲುದಾರರೊಡನೆ ಭಿನ್ನಾಭಿಪ್ರಾಯವುಂಟಾಗಿ, ಬೆಳೆಸಿದ ಉದ್ಯಮವನ್ನು ಬಿಟ್ಟು ಬರಿಗೈಯಲ್ಲಿ ಹೊರಬಂದರು.

ಆಗ ಅವರಿಗೆ ನಲವತ್ತು ವರ್ಷ. ಚಿತ್ರಕಲೆ, ಛಾಯಾಚಿತ್ರಣ, ಜಾದೂ, ಸರಕಾರಿ ನೌಕರಿ, ಮುದ್ರಣ: ಯಾವುದರಲ್ಲಿಯೂ ಅವರು ನೆಲೆ ನಿಂತಿರಲಿಲ್ಲ. ಲೋಕದ ಕಣ್ಣಿಗೆ ಅವರು ಸೋತ ಮನುಷ್ಯ. ಆದರೆ ಕಲಿತ ವಿದ್ಯೆ ಎಂದಿಗೂ ವ್ಯರ್ಥವಾಗುವುದಿಲ್ಲವೆಂಬ ಮಾತು ಅವರ ವಿಷಯದಲ್ಲಿ ಅಕ್ಷರಶಃ ನಿಜವಾಗುವ ಕಾಲ ಸಮೀಪಿಸಿತ್ತು.

ಭಾರತದಲ್ಲಿ ಚಲಿಸುವ ಚಿತ್ರಗಳ ಮೊದಲ ಪ್ರದರ್ಶನವು 1896ರ ಜುಲೈ 7ರಂದು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ನಡೆದಿತ್ತು. ಫ್ರಾನ್ಸಿನ ಲೂಮಿಯೇರ್ ಸಹೋದರರ ಚಿತ್ರಗಳವು. ಅಲ್ಲಿಂದ ಮುಂದೆ ಪರದೇಶದ ಚಿತ್ರಗಳು ನಮ್ಮ ನಗರಗಳಿಗೆ ಬರುತ್ತಲೇ ಇದ್ದವು. 1911ರ ಸುಮಾರಿಗೆ ಫಾಲ್ಕೆಯವರು ಮುಂಬಯಿಯ ಗಿರಗಾಂವ್ ಭಾಗದ ಡೇರೆಯೊಂದರಲ್ಲಿ ಏಸುಕ್ರಿಸ್ತನ ಜೀವನವನ್ನು ಕುರಿತ ಚಿತ್ರವನ್ನು ಕಂಡರು. ನೋಡುತ್ತಿದ್ದಂತೆ ಅವರ ಮನಸ್ಸಿನಲ್ಲಿ ಬೇರೊಂದು ಚಿತ್ರ ಮೂಡಿತು. ರಾಮಕೃಷ್ಣರ ಕಥೆಗಳು ಹೀಗೆಯೇ ತೆರೆಯ ಮೇಲೆ ಜೀವ ತಳೆದು ನಡೆದಾಡುವುದು ಎಂದು? ಅದನ್ನು ನಮ್ಮವರೇ ನಿರ್ಮಿಸಲಾರರೇ? ಈ ಪ್ರಶ್ನೆಯು ಅವರನ್ನು ಬಿಡದೆ ಕಾಡಿತು. ಅವರು ಪತ್ನಿಯನ್ನು ಕರೆದೊಯ್ದು ಅದೇ ಚಿತ್ರವನ್ನು ತೋರಿಸಿ, ತಮ್ಮ ಸಂಕಲ್ಪವನ್ನು ತಿಳಿಸಿದರು.

ಸಂಕಲ್ಪಕ್ಕೆ ತಕ್ಕ ಸಾಧನೆ ಆರಂಭವಾಯಿತು. ಹಗಲಿರುಳು ಪುಸ್ತಕಗಳ ವ್ಯಾಸಂಗ. ಪ್ರತಿದಿನವೂ ಗಂಟೆಗಟ್ಟಲೆ ಚಿತ್ರಗಳ ವೀಕ್ಷಣೆ. ಮನೆಯಲ್ಲಿ ಸಣ್ಣ ಯಂತ್ರವೊಂದನ್ನು ಇಟ್ಟುಕೊಂಡು ಪ್ರಯೋಗಗಳು. ನಿದ್ರೆಗೆಟ್ಟ ಕಣ್ಣುಗಳು ಕೆಲಕಾಲ ದೃಷ್ಟಿಯನ್ನೇ ಕಳೆದುಕೊಂಡವು. ದೃಶ್ಯಕಲೆಯನ್ನು ನಂಬಿ ಹೊರಟವನಿಗೆ ಇದಕ್ಕಿಂತ ದೊಡ್ಡ ಆಘಾತ ಬೇರೇನಿದೆ? ಪುಣ್ಯವಶಾತ್ ನೇತ್ರವೈದ್ಯರೊಬ್ಬರ ಚಿಕಿತ್ಸೆಯಿಂದ ದೃಷ್ಟಿ ಮರಳಿತು. ಅವರು ಪುನಃ ಅದೇ ಕೆಲಸಕ್ಕೆ ಕುಳಿತರು.

ಆದರೆ ಪುಸ್ತಕದ ವಿದ್ಯೆಯಷ್ಟೇ ಸಾಲದು. ಯಂತ್ರ ಬೇಕು, ಫಿಲಂ ಬೇಕು, ಕೆಲಸವನ್ನು ಕಣ್ಣಾರೆ ಕಂಡು ಕಲಿಯಬೇಕು. ತಮ್ಮ ಜೀವವಿಮೆಯನ್ನು ಅಡವಿಟ್ಟು ಸಾಲ ಪಡೆದು, 1912ರ ಫೆಬ್ರವರಿಯಲ್ಲಿ ಅವರು ಲಂಡನ್ನಿಗೆ ಹೊರಟರು. ಬಂಧುಮಿತ್ರರಲ್ಲಿ ಹಲವರಿಗೆ ಇದು ಹುಚ್ಚುಸಾಹಸವಾಗಿ ಕಂಡಿತು. ಲಂಡನ್ನಿನಲ್ಲಿ ಅವರಿಗೆ ಪರಿಚಿತರು ಯಾರೂ ಇರಲಿಲ್ಲ. ಬಯಾಸ್ಕೋಪ್ ಎಂಬ ವಾರಪತ್ರಿಕೆಯ ಕಚೇರಿಗೆ ನೇರವಾಗಿ ಹೋಗಿ, ಸಂಪಾದಕ ಕೇಬರ್ನ್ ಅವರನ್ನು ಕಂಡರು. ಅವರ ನೆರವಿನಿಂದ, ಪ್ರಸಿದ್ಧ ನಿರ್ಮಾಪಕ ಸೆಸಿಲ್ ಹೆಪ್‌ವರ್ತ್ ಅವರ ಚಿತ್ರಶಾಲೆಯಲ್ಲಿ ಚಿತ್ರನಿರ್ಮಾಣದ ವಿವಿಧ ಹಂತಗಳನ್ನು ನೋಡುವ ಅವಕಾಶ ದೊರೆಯಿತು. ವಿಲಿಯಮ್ಸನ್ ಕ್ಯಾಮೆರಾವನ್ನೂ, ಫಿಲಮ್ಮಿನ ಅಂಚಿಗೆ ರಂಧ್ರ ಕೊರೆಯುವ ಯಂತ್ರವನ್ನೂ ಕೊಂಡು, ಎರಡು ತಿಂಗಳಲ್ಲಿ ಅವರು ಮುಂಬಯಿಗೆ ಹಿಂದಿರುಗಿದರು.

ಸಾಮಗ್ರಿ ಬಂದಿತು, ಚಿತ್ರ ತೆಗೆಯಲು ಹಣವಿಲ್ಲ. ಹಣವುಳ್ಳವರನ್ನು ನಂಬಿಸುವ ಬಗೆ ಹೇಗೆ? ಫಾಲ್ಕೆಯವರು ಒಂದು ಕುಂಡದಲ್ಲಿ ಬಟಾಣಿ ಬೀಜವನ್ನು ಬಿತ್ತಿದರು. ಅದರ ಮುಂದೆ ಕ್ಯಾಮೆರಾವನ್ನು ಕದಲದಂತೆ ನಿಲ್ಲಿಸಿ, ಪ್ರತಿದಿನವೂ ಸ್ವಲ್ಪಸ್ವಲ್ಪವಾಗಿ ಸುಮಾರು ಒಂದು ತಿಂಗಳ ಕಾಲ ಚಿತ್ರಿಸುತ್ತ ಬಂದರು. ಆ ಬಿಡಿಚಿತ್ರಗಳನ್ನು ಒಂದರ ಹಿಂದೊಂದು ಓಡಿಸಿದಾಗ ಒಂದು ಅದ್ಭುತ ಸಂಭವಿಸಿತು. ಬೀಜ ಬಿರಿದು, ಮೊಳಕೆ ತಲೆಯೆತ್ತಿ, ಬಳ್ಳಿಯಾಗಿ ಬೆಳೆಯುವ ತಿಂಗಳ ಕಥೆಯೆಲ್ಲ ಕ್ಷಣಮಾತ್ರದಲ್ಲಿ ಕಣ್ಣೆದುರು ಕಂಡಿತು. ಜಾದೂಗಾರನ ಬುದ್ಧಿ, ಛಾಯಾಚಿತ್ರಗಾರನ ಕೈ, ಎರಡೂ ಅಲ್ಲಿ ಕೂಡಿದ್ದವು. ಇದನ್ನು ಕಂಡವರಿಂದ ಸಾಲ ದೊರೆಯಿತು. ಅದೂ ಸಾಲದಾದಾಗ ಸರಸ್ವತೀಬಾಯಿ ತಮ್ಮ ಒಡವೆಗಳನ್ನು ತೆಗೆದು ಕೊಟ್ಟರು.

ಅವರು ಆರಿಸಿಕೊಂಡ ಕಥೆ ಸತ್ಯಹರಿಶ್ಚಂದ್ರನದು. ದಾದರಿನ ಮನೆಯೇ ಚಿತ್ರಶಾಲೆಯಾಯಿತು. ಕಥೆಯನ್ನು ಬರೆದವರು ಫಾಲ್ಕೆ. ನಿರ್ದೇಶಿಸಿದವರು, ಪರದೆಗಳನ್ನು ಬರೆದವರು, ಪಾತ್ರಧಾರಿಗಳಿಗೆ ಅಭಿನಯ ಕಲಿಸಿದವರು, ಫಿಲಂ ತೊಳೆದು ಜೋಡಿಸಿದವರು ಸಹ ಅವರೇ. ಹಿಂದೆ ಕಲಿತ ಯಾವ ವಿದ್ಯೆಯೂ ಇಲ್ಲಿ ನಿರುಪಯುಕ್ತವಾಗಲಿಲ್ಲ.

ಈ ಸಾಹಸದಲ್ಲಿ ಸರಸ್ವತೀಬಾಯಿಯವರ ಪಾಲು ಪತಿಯ ಪಾಲಿಗಿಂತ ಕಡಮೆಯದಲ್ಲ. ಮನೆಯಲ್ಲಿಯೇ ಉಳಿದುಕೊಂಡಿದ್ದ ಅಷ್ಟೂ ಮಂದಿಗೆ ಅವರು ಅಡುಗೆ ಮಾಡಿ ಬಡಿಸುತ್ತಿದ್ದರು. ಹಗಲು ಚಿತ್ರೀಕರಣದ ವೇಳೆ ಬಿಸಿಲಿನಲ್ಲಿ ಬಿಳಿಯ ಬಟ್ಟೆಯನ್ನು ಹಿಡಿದು ನಿಂತು, ಸೂರ್ಯನ ಬೆಳಕು ಪಾತ್ರಗಳ ಮುಖದ ಮೇಲೆ ಪ್ರತಿಫಲಿಸುವಂತೆ ಮಾಡುತ್ತಿದ್ದರು. ಆಗ ಕಚ್ಚಾ ಫಿಲಂ ರಂಧ್ರಗಳಿಲ್ಲದೆ ಬರುತ್ತಿತ್ತು. ಅಂಚಿನಲ್ಲಿ ಸಮಾನ ಅಂತರದ ರಂಧ್ರಗಳಿಲ್ಲದಿದ್ದರೆ ಅದು ಯಂತ್ರದಲ್ಲಿ ಸರಿಯಾಗಿ ಓಡದು. ಬೆಳಕು ಸೋಕಿದರೆ ಕೆಟ್ಟುಹೋಗುವುದು. ಆದುದರಿಂದ ಎಲ್ಲರೂ ಮಲಗಿದ ಮೇಲೆ, ಕತ್ತಲೆಯಲ್ಲಿ ಕುಳಿತು ಆ ರಂಧ್ರಗಳನ್ನು ಕೊರೆಯುವ ಕಾರ್ಯವನ್ನೂ ಆ ಸಾಧ್ವಿ ಕಲಿತಿದ್ದರು.

ಕಲಾವಿದರನ್ನು ಒಟ್ಟುಗೂಡಿಸುವುದು ಇನ್ನೊಂದು ಕಷ್ಟ. ಚಿತ್ರದಲ್ಲಿ ಅಭಿನಯಿಸುವುದು ಮರ್ಯಾದಸ್ಥರಿಗೆ ತಕ್ಕ ಕೆಲಸವೆಂದು ಯಾರೂ ಭಾವಿಸುತ್ತಿರಲಿಲ್ಲ. ಆದುದರಿಂದ, ಯಾರಾದರೂ ಕೇಳಿದರೆ ಹರಿಶ್ಚಂದ್ರನೆಂಬವರ ಕಾರ್ಖಾನೆಯಲ್ಲಿ ದುಡಿಯುತ್ತಿರುವುದಾಗಿ ಹೇಳಬೇಕೆಂದು ಫಾಲ್ಕೆಯವರು ತಮ್ಮವರಿಗೆ ಸೂಚಿಸಿದ್ದರು. ತಾರಾಮತಿಯ ಪಾತ್ರಕ್ಕಾಗಿ ಎಷ್ಟು ಹುಡುಕಿದರೂ ಒಬ್ಬ ಸ್ತ್ರೀಯೂ ಒಪ್ಪಲಿಲ್ಲ. ಕೊನೆಗೆ ಉಪಾಹಾರ ಗೃಹವೊಂದರಲ್ಲಿ ಅಡುಗೆ ಕೆಲಸ ಮಾಡುತ್ತಿದ್ದ ಅಣ್ಣಾ ಸಾಳುಂಕೆ ಎಂಬ ಯುವಕನು ತಾರಾಮತಿಯಾದನು. ಸ್ತ್ರೀವೇಷ ಧರಿಸಬೇಕಾದ ಇತರರು ಮೀಸೆ ಬೋಳಿಸಲು ಒಪ್ಪಲಿಲ್ಲ. ತಂದೆ ತೀರಿಕೊಂಡಾಗಲಲ್ಲದೆ ಮೀಸೆ ತೆಗೆಯಬಾರದೆಂಬ ನಂಬಿಕೆ ಅವರದು. ಅವರ ಮನವೊಲಿಸಲು ಫಾಲ್ಕೆಯವರು ಬಹಳ ಶ್ರಮಪಡಬೇಕಾಯಿತು. ದತ್ತಾತ್ರೇಯ ದಾಮೋದರ ದಾಬ್ಕೆ ಹರಿಶ್ಚಂದ್ರನಾದರು. ರೋಹಿತಾಶ್ವನ ಪಾತ್ರಕ್ಕೆ ತಮ್ಮ ಮಗನನ್ನು ಒಪ್ಪಿಸಲು ಯಾವ ತಂದೆತಾಯಿಯೂ ಮುಂದೆ ಬಾರದಿದ್ದಾಗ, ಫಾಲ್ಕೆ ದಂಪತಿಗಳ ಮಗ ಭಾಲಚಂದ್ರನೇ ಆ ಪಾತ್ರವನ್ನು ವಹಿಸಿದನು.

ಸುಮಾರು ಏಳು ತಿಂಗಳ ದುಡಿಮೆಯಿಂದ 3,700 ಅಡಿ ಉದ್ದದ ಚಿತ್ರವು ಸಿದ್ಧವಾಯಿತು. 1913ರ ಮೇ 3ರಂದು ಮುಂಬಯಿಯ ಕೊರೊನೇಷನ್ ಚಿತ್ರಮಂದಿರದಲ್ಲಿ ರಾಜಾ ಹರಿಶ್ಚಂದ್ರ ಚಿತ್ರವು ಸಾರ್ವಜನಿಕರ ಮುಂದೆ ಬಂದಿತು. ಹಿಂದಿನ ವರ್ಷವೇ ಪುಂಡಲೀಕ ಎಂಬ ಮರಾಠಿ ನಾಟಕವನ್ನು ಫಿಲಮ್ಮಿನಲ್ಲಿ ಸೆರೆಹಿಡಿದು ತೋರಿಸಿದ್ದುಂಟು. ಆದರೆ ಅದು ರಂಗದ ಮೇಲೆ ಆಡಿದ ನಾಟಕದ ಪ್ರತಿಬಿಂಬ. ಕ್ಯಾಮೆರಾ ಹಿಡಿದವರೂ ವಿದೇಶೀಯರು. ಚಲನಚಿತ್ರಕ್ಕೆಂದೇ ಕಥೆ ರೂಪಿಸಿ, ಭಾರತೀಯರೇ ನಿರ್ಮಿಸಿದ ಮೊದಲ ಪೂರ್ಣಪ್ರಮಾಣದ ಕಥಾಚಿತ್ರವೆಂಬ ಗೌರವವು ಸಾಮಾನ್ಯವಾಗಿ ರಾಜಾ ಹರಿಶ್ಚಂದ್ರಕ್ಕೆ ಸಲ್ಲುತ್ತದೆ. ಅದು ಮೂಕಿಚಿತ್ರ. ಆದರೆ ಎಳೆತನದಿಂದ ಕೇಳಿ ಬಲ್ಲ ಕಥೆಯಾದುದರಿಂದ, ತೆರೆಯ ಮೇಲಿನ ಪಾತ್ರಗಳು ಮಾತನಾಡದಿದ್ದರೂ ಪ್ರೇಕ್ಷಕರಿಗೆ ಎಲ್ಲವೂ ಅರ್ಥವಾಯಿತು.

ಅನಂತರ ಫಾಲ್ಕೆಯವರು ನಾಸಿಕಕ್ಕೆ ತೆರಳಿದರು. ಅದೇ ವರ್ಷ ತಯಾರಾದ ಮೋಹಿನಿ ಭಸ್ಮಾಸುರ ಚಿತ್ರದಲ್ಲಿ ದುರ್ಗಾಬಾಯಿ ಕಾಮತ್ ಮತ್ತು ಅವರ ಮಗಳು ಕಮಲಾ ಅಭಿನಯಿಸಿದರು. ಸ್ತ್ರೀಯರು ಬಾರದ ಕ್ಷೇತ್ರಕ್ಕೆ ಸ್ತ್ರೀಯರು ಬಂದರು. 1914ರಲ್ಲಿ ತಮ್ಮ ಚಿತ್ರಗಳೊಡನೆ ಲಂಡನ್ನಿಗೆ ಹೋದಾಗ, ಅಲ್ಲಿಯೇ ಉಳಿದು ಚಿತ್ರಗಳನ್ನು ತೆಗೆಯುವಂತೆ ಅವರಿಗೆ ಆಹ್ವಾನ ಬಂದಿತು. ಸಾಲದ ಹೊರೆಯಿದ್ದರೂ ಅವರು ಅದನ್ನು ನಿರಾಕರಿಸಿದರು. ತಾವು ಹೊರಟುಹೋದರೆ ಸ್ವದೇಶದ ಉದ್ಯಮವು ಮೊಳಕೆಯಲ್ಲಿಯೇ ಬಾಡೀತೆಂಬುದು ಅವರ ಚಿಂತೆಯಾಗಿತ್ತು. 1917ರ ಲಂಕಾದಹನ ಚಿತ್ರದಲ್ಲಿ ಸಾಳುಂಕೆಯವರೇ ರಾಮನಾಗಿಯೂ ಸೀತೆಯಾಗಿಯೂ ಕಾಣಿಸಿಕೊಂಡರು. ಜನರು ಕಿಕ್ಕಿರಿದು ನೆರೆದರು. ಚಲನಚಿತ್ರವನ್ನು ತಯಾರಿಸುವ ಕ್ರಮವನ್ನೇ ತೋರಿಸುವ ಕಿರುಚಿತ್ರವೊಂದನ್ನೂ ಅವರು ತೆಗೆದರು. ತಾವು ಕಷ್ಟಪಟ್ಟು ಕಲಿತುದನ್ನು ಗುಟ್ಟಾಗಿ ಇಟ್ಟುಕೊಳ್ಳುವ ಸ್ವಭಾವ ಅವರದಾಗಿರಲಿಲ್ಲ. 1919ರ ಕಾಳಿಯಮರ್ದನದಲ್ಲಿ ಅವರ ಪುಟ್ಟ ಮಗಳು ಮಂದಾಕಿನಿ ಬಾಲಕೃಷ್ಣನಾಗಿ ಪ್ರೇಕ್ಷಕರ ಮನಸೂರೆಗೊಂಡಳು.

ಆದರೆ ಕಲೆ ಬೆಳೆದಂತೆ ವ್ಯಾಪಾರವೂ ಬೆಳೆಯಿತು. 1918ರಲ್ಲಿ ಧನಿಕರ ಪಾಲುಗಾರಿಕೆಯಿಂದ ಹಿಂದುಸ್ತಾನ್ ಸಿನಿಮಾ ಕಂಪನಿಯು ಸ್ಥಾಪನೆಯಾಯಿತು. ಖರ್ಚುವೆಚ್ಚದ ವಿಷಯದಲ್ಲಿ ಪಾಲುದಾರರಿಗೂ ಅವರಿಗೂ ಸರಿಬೀಳಲಿಲ್ಲ. ಬೇಸತ್ತ ಅವರು ಎಲ್ಲವನ್ನೂ ಬಿಟ್ಟು ಕಾಶಿಗೆ ಹೋದರು; ಅಲ್ಲಿ ರಂಗಭೂಮಿ ಎಂಬ ಮರಾಠಿ ನಾಟಕವನ್ನು ಬರೆದರು. ಕೆಲಕಾಲದ ಮೇಲೆ ಮರಳಿ ಕಂಪನಿಗೆ ಬಂದರೂ ಹಿಂದಿನ ಸ್ವಾತಂತ್ರ್ಯ ಅವರಿಗೆ ದೊರೆಯಲಿಲ್ಲ. 1931ರಲ್ಲಿ ಆಲಂ ಆರಾ ಚಿತ್ರದೊಡನೆ ತೆರೆಗೆ ಮಾತು ಬಂದಿತು. ಮೂಕಿಚಿತ್ರದ ಯುಗ ಮುಗಿಯುತ್ತ ಬಂದಿತು. ಕೊಲ್ಲಾಪುರದಲ್ಲಿ ತಯಾರಾಗಿ 1937ರಲ್ಲಿ ತೆರೆಕಂಡ ಗಂಗಾವತರಣವೇ ಅವರು ನಿರ್ದೇಶಿಸಿದ ಏಕಮಾತ್ರ ವಾಕ್ಚಿತ್ರ. ಕನ್ನಡದ ಮೊದಲ ವಾಕ್ಚಿತ್ರ ಸತಿ ಸುಲೋಚನಾ ಕೂಡ ಅದಕ್ಕೆ ಕೆಲವೇ ವರ್ಷಗಳ ಮೊದಲು ಅದೇ ಊರಿನಲ್ಲಿ ಸಿದ್ಧವಾಗಿ 1934ರಲ್ಲಿ ತೆರೆಕಂಡಿತ್ತೆಂಬುದನ್ನು ಇಲ್ಲಿ ಸ್ಮರಿಸಬಹುದು.

ಜೀವನದ ಸಂಧ್ಯಾಕಾಲವನ್ನು ಫಾಲ್ಕೆಯವರು ನಾಸಿಕದಲ್ಲಿ ಕಳೆದರು. ಅವರು ಬಿತ್ತಿದ ಬೀಜದಿಂದ ಸಾವಿರಾರು ಮಂದಿಗೆ ಅನ್ನ ದೊರೆಯುತ್ತಿತ್ತು. ಅವರಿಗಾದರೋ ಸಂಪತ್ತು ಉಳಿಯಲಿಲ್ಲ. 1944ರ ಫೆಬ್ರವರಿ 16ರಂದು ಅವರು ಕಣ್ಮುಚ್ಚಿದರು. ಅವರ ಚಿತ್ರಗಳಲ್ಲಿ ಬಹುಪಾಲು ಇಂದು ಲಭ್ಯವಿಲ್ಲ. ರಾಜಾ ಹರಿಶ್ಚಂದ್ರದ ಸ್ವಲ್ಪ ಭಾಗ ಮಾತ್ರ ಉಳಿದುಬಂದಿದೆ.

ಫಿಲಂ ನಶಿಸಿದರೂ ಹೆಸರು ನಶಿಸಲಿಲ್ಲ. ಭಾರತ ಸರಕಾರವು 1969ರಲ್ಲಿ, ಚಲನಚಿತ್ರ ಕ್ಷೇತ್ರದ ಜೀವಮಾನದ ಸೇವೆಗಾಗಿ ಅವರ ಹೆಸರಿನಲ್ಲಿ ಪ್ರಶಸ್ತಿಯೊಂದನ್ನು ಸ್ಥಾಪಿಸಿತು. ಅದನ್ನು ಮೊದಲು ಪಡೆದವರು, ಮುಂದೆ ಬೆಂಗಳೂರಿನ ಬಳಿ ನೆಲೆಸಿದ್ದ ನಟಿ ದೇವಿಕಾರಾಣಿ. 1995ನೆಯ ಸಾಲಿನ ಪ್ರಶಸ್ತಿಯು ಕನ್ನಡದ ವರನಟ ಡಾ. ರಾಜ್‌ಕುಮಾರ್ ಅವರಿಗೆ ಸಂದಿತು. 2008ನೆಯ ಸಾಲಿನಲ್ಲಿ ಅದನ್ನು ಪಡೆದವರು ಮೈಸೂರಿನಲ್ಲಿ ಹುಟ್ಟಿದ ವಿ. ಕೆ. ಮೂರ್ತಿ. ಅವರು ತೆರೆಯ ಮೇಲೆ ಮೆರೆದ ನಟರಲ್ಲ. ಕ್ಯಾಮೆರಾದ ಹಿಂದೆ ನಿಂತು ಬೆಳಕು ನೆರಳುಗಳಿಂದ ಚಿತ್ರ ಬರೆದ ಛಾಯಾಗ್ರಾಹಕರು. ಫಾಲ್ಕೆಯವರು ಸಾಗರವನ್ನು ದಾಟಿ, ಸಾಲ ಮಾಡಿ ಕಲಿತ ವಿದ್ಯೆಯನ್ನು ಮೂರ್ತಿಯವರು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಕಲಿತಿದ್ದರು. 1960ರಲ್ಲಿ ಪುಣೆಯಲ್ಲಿ ಈ ವಿದ್ಯೆಗಾಗಿಯೇ ರಾಷ್ಟ್ರೀಯ ಸಂಸ್ಥೆಯೊಂದು ಆರಂಭವಾಯಿತು.

ಚಲನಚಿತ್ರದಲ್ಲಿ ದುಡಿಯುವವರು ತಮ್ಮ ಕೆಲಸವನ್ನು ಮುಚ್ಚಿಟ್ಟು, ಕಾರ್ಖಾನೆಯ ಹೆಸರು ಹೇಳಬೇಕಾಗಿದ್ದ ಕಾಲವೊಂದಿತ್ತು. ಇಂದು ಅವರ ಹೆಸರುಗಳು ಬೆಳ್ಳಿತೆರೆಯ ಮೇಲೆ ಎಲ್ಲರಿಗೂ ಕಾಣುವಂತೆ ಮೂಡುತ್ತವೆ. ಆ ಪಟ್ಟಿಯಲ್ಲಿ ಬರುವ ಪ್ರತಿಯೊಂದು ಕೆಲಸವನ್ನೂ ಒಂದು ಕಾಲದಲ್ಲಿ ದಾದರಿನ ಆ ಮನೆಯಲ್ಲಿ, ಹಗಲಿನ ಬಿಸಿಲಿನಲ್ಲಿ ಮತ್ತು ಇರುಳಿನ ಕತ್ತಲೆಯಲ್ಲಿ, ದಂಪತಿಗಳಿಬ್ಬರು ತಮ್ಮ ಕೈಯಾರೆ ಮಾಡಿದ್ದರು.