ಕಾಲಮಾನ ಬದಲಿಸಿದ ಕಲ್ಯಾಣದ ಚಕ್ರವರ್ತಿ

ಬೀದರ್ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ಹಳೆಯ ಶಿವಾಲಯವೊಂದಿದೆ. ಅದರ ಹೊರಗೋಡೆಯ ಮೇಲೆ ಶಿಲಾಬಾಲಿಕೆಯೊಬ್ಬಳು ಬೆನ್ನು ತಿರುಗಿಸಿ ನಿಂತು ಶಾಸನ ಬರೆಯುತ್ತಿದ್ದಾಳೆ. ಆಕೆ ಬರೆಯುತ್ತಿರುವುದು ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕೀರ್ತಿಯನ್ನು. ಇಂದು ಬಸವಕಲ್ಯಾಣ ಎನಿಸಿರುವ ಕಲ್ಯಾಣದಿಂದ ಆತ ಐವತ್ತು ವರ್ಷ ರಾಜ್ಯವಾಳಿದ. ಯುದ್ಧಗಳಿಗೂ ಗುಡಿಗಳಿಗೂ ಹೆಸರಾದ ಈ ಅರಸನು ನಾಡಿನ ಲೆಕ್ಕಪತ್ರಗಳ ಕಾಲಮಾನವನ್ನೇ ಬದಲಿಸಿದ ಆಡಳಿತಗಾರನೂ ಹೌದು.

ವಿಕ್ರಮಾದಿತ್ಯನು ಒಂದನೆಯ ಸೋಮೇಶ್ವರನ ಮಗ. ಕಲ್ಯಾಣವನ್ನು ರಾಜಧಾನಿಯಾಗಿ ಬೆಳೆಸಿದ ತಂದೆಯು 1068ರಲ್ಲಿ ಕುರುವತ್ತಿಯ ಬಳಿ ತುಂಗಭದ್ರೆಯಲ್ಲಿ ಜಲಸಮಾಧಿಯಾದ. ಸಿಂಹಾಸನವು ಹಿರಿಯ ಮಗ ಎರಡನೆಯ ಸೋಮೇಶ್ವರನಿಗೆ ದಕ್ಕಿತು. ಚೋಳ ರಾಜಕುಮಾರಿಯನ್ನು ವರಿಸಿ ದಕ್ಷಿಣದಲ್ಲಿ ಬಲ ಕೂಡಿಸಿಕೊಂಡಿದ್ದ ವಿಕ್ರಮಾದಿತ್ಯನು 1076ರಲ್ಲಿ ಅಣ್ಣನನ್ನು ಪದಚ್ಯುತಗೊಳಿಸಿ ತ್ರಿಭುವನಮಲ್ಲನೆಂಬ ಬಿರುದಿನೊಡನೆ ಪಟ್ಟವೇರಿದ.

ಪಟ್ಟವೇರಿದ ವರ್ಷವನ್ನೇ ಮೊದಲಾಗಿಟ್ಟುಕೊಂಡು ಚಾಲುಕ್ಯ ವಿಕ್ರಮ ವರ್ಷವನ್ನು ಜಾರಿಗೆ ತಂದ. ಶತಮಾನಗಳಿಂದ ರೂಢಿಯಲ್ಲಿದ್ದ ಶಕ ವರ್ಷ ಹಿಂದೆ ಸರಿಯಿತು. ಇದು ಅರಮನೆಗಷ್ಟೇ ಸಂಬಂಧಿಸಿದ ಮಾತಾಗಿರಲಿಲ್ಲ. ಅಗ್ರಹಾರಗಳ ಮಹಾಜನರು, ಗುಡಿಗಳ ಸ್ಥಾನಾಚಾರ್ಯರು, ಊರಿನ ಸೇನಬೋವರು, ಅಯ್ಯಾವೊಳೆ ಐನೂರ್ವರೆಂಬ ವರ್ತಕ ಸಂಘದವರು ಇವರೆಲ್ಲರ ದಾನ, ಸುಂಕ, ಭೂಮಿಯ ದಾಖಲೆಗಳೂ ತಿಥಿಯನ್ನು ಅವಲಂಬಿಸಿದ್ದವು. ಎಣಿಕೆ ತಪ್ಪಿದರೆ ಹಕ್ಕೇ ತಪ್ಪುವ ಅಪಾಯವಿತ್ತು.

ಆದರೆ ಬದಲಾದದ್ದು ವರ್ಷದ ಅಂಕಿ ಮಾತ್ರ. ಅರವತ್ತು ಸಂವತ್ಸರಗಳ ಹೆಸರು, ಮಾಸ, ಪಕ್ಷ, ತಿಥಿ, ವಾರಗಳು ಮೊದಲಿನಂತೆಯೇ ಉಳಿದವು. ಹೊಸ ಎಣಿಕೆಯ ಮೊದಲ ವರ್ಷ ನಳ ಸಂವತ್ಸರ. ಅದೇ ಶಕ 998. ಅಂಕಿಯ ಪಕ್ಕದಲ್ಲೇ ಸಂವತ್ಸರದ ಹೆಸರಿದ್ದುದರಿಂದ ಹಳೆಯ ದಾಖಲೆಗೂ ಹೊಸದಕ್ಕೂ ತಾಳೆ ನೋಡುವುದು ಸಾಧ್ಯವಿತ್ತು. 1112ರಲ್ಲಿ ದಂಡನಾಯಕ ಮಹಾದೇವನು ಇಟಗಿಯಲ್ಲಿ ದೇವಾಲಯ ಕಟ್ಟಿಸುವ ವೇಳೆಗೆ ಹೊಸ ಕಾಲಮಾನದ 37ನೆಯ ವರ್ಷ ನಡೆದಿತ್ತು. ದೂರದ ಹನುಮಕೊಂಡದ ಕಾಕತೀಯ ಸಾಮಂತರೂ ಅದನ್ನೇ ಬಳಸುತ್ತಿದ್ದರು.

ಈತನ ಆಸ್ಥಾನದಲ್ಲಿದ್ದ ಕಾಶ್ಮೀರದ ಬಿಲ್ಹಣನು ವಿಕ್ರಮಾಂಕದೇವಚರಿತವನ್ನು ರಚಿಸಿದ. ಕಲ್ಯಾಣದಲ್ಲೇ ಇದ್ದ ವಿಜ್ಞಾನೇಶ್ವರನು ಬರೆದ ಮಿತಾಕ್ಷರವು ದೇಶದ ಬಹುಭಾಗದಲ್ಲಿ ಹಿಂದೂ ದಾಯಭಾಗದ ನಿಯಮಗಳಿಗೆ ಆಧಾರವಾಯಿತು. ಕೊನೆಗಾಲದಲ್ಲಿ ಹೊಯ್ಸಳ ವಿಷ್ಣುವರ್ಧನನು ತಿರುಗಿಬಿದ್ದ. ಸುಮಾರು ಒಂಬೈನೂರು ವರ್ಷಗಳ ಹಿಂದೆ, 1126ರಲ್ಲಿ, ವಿಕ್ರಮಾದಿತ್ಯನ ಆಳ್ವಿಕೆ ಮುಗಿದು ಮಗ ಮೂರನೆಯ ಸೋಮೇಶ್ವರನು ಪಟ್ಟಕ್ಕೆ ಬಂದ.

ಆತನ ಕಾಲಮಾನವು ಚಾಲುಕ್ಯರ ಬಲದೊಡನೆಯೇ ಕುಂದಿತು. ಕಾಕತೀಯ ರುದ್ರನ 1163ರ ಹನುಮಕೊಂಡ ಶಾಸನದಲ್ಲಿ ಮತ್ತೆ ಕಾಣುವುದು ಶಕ 1084. ಎಂಟು ಶತಮಾನಗಳ ನಂತರ, 1957ರ ಮಾರ್ಚ್ 22ರಂದು, ಭಾರತ ಸರಕಾರವು ರಾಷ್ಟ್ರೀಯ ಪಂಚಾಂಗಕ್ಕೆ ಆರಿಸಿಕೊಂಡದ್ದೂ ಶಕ ವರ್ಷವನ್ನೇ.

ಇಂದಿನ ಸಂಸ್ಥೆಗಳಿಗೂ ಇಂಥ ಬದಲಾವಣೆ ಹೊಸದಲ್ಲ. ಗುಣಮಟ್ಟ ನಿರ್ವಹಣೆಯ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 9001 ಮೊದಲು ಪ್ರಕಟವಾದದ್ದು 1987ರಲ್ಲಿ. 1994, 2000, 2008 ಹಾಗೂ 2015ರಲ್ಲಿ ಅದು ಪರಿಷ್ಕೃತವಾಯಿತು. 2015ರ ಆವೃತ್ತಿಗೆ ಹೊಂದಿಕೊಳ್ಳಲು ಪ್ರಮಾಣಪತ್ರ ಪಡೆದ ಸಂಸ್ಥೆಗಳಿಗೆ ಮೂರು ವರ್ಷಗಳ ಅವಧಿ ನೀಡಲಾಗಿತ್ತು. 2018ರ ಸೆಪ್ಟೆಂಬರಿನಲ್ಲಿ ಅದು ಮುಗಿಯಿತು. 2024ರ ಫೆಬ್ರುವರಿಯಲ್ಲಿ ಹವಾಮಾನ ಬದಲಾವಣೆಯನ್ನೂ ಪರಿಗಣಿಸಬೇಕೆಂಬ ತಿದ್ದುಪಡಿ ಸೇರಿತು.

ಪರಿಷ್ಕರಣೆ ಬಂದಾಗಲೆಲ್ಲ ಕಡತಗಳನ್ನು ಬುಡಮೇಲು ಮಾಡುವ ಸಂಸ್ಥೆಗಳುಂಟು. ಮುಖಪುಟದ ಇಸವಿಯನ್ನಷ್ಟೇ ತಿದ್ದುವ ಸಂಸ್ಥೆಗಳೂ ಉಂಟು. ಯಾವುದು ಬದಲಾಗಿದೆ, ಯಾವುದು ಬದಲಾಗಿಲ್ಲ ಎಂಬುದನ್ನು ಮೊದಲು ಬೇರ್ಪಡಿಸಿ, ಹಳೆಯ ದಾಖಲೆಗೂ ಹೊಸದಕ್ಕೂ ಕೊಂಡಿ ಉಳಿಸಿಕೊಳ್ಳುವುದೇ ಸಿದ್ಧತೆಯ ಮೊದಲ ಹೆಜ್ಜೆ. ಕಲ್ಯಾಣದ ಕಾಲಮಾನವು ಚಲಾವಣೆಗೆ ಬಂದದ್ದು ಆ ಕೊಂಡಿಯಿಂದ. ಮರೆಯಾದದ್ದು ಅರಸನ ಅಧಿಕಾರವನ್ನೇ ನೆಚ್ಚಿಕೊಂಡಿದ್ದರಿಂದ. ಮೇಲಿನವರ ಆಜ್ಞೆಯೆಂದು ಮಾತ್ರ ಪಾಲಿಸಿದ ನಿಯಮವು ಆಜ್ಞೆ ಇರುವವರೆಗೆ ಮಾತ್ರ ಬಾಳುತ್ತದೆ.