ನರ್ತಕ ನಿಜಿನ್‌ಸ್ಕಿ: ಮಾತು, ಚಲನೆಯನ್ನು ಕಸಿದ ಕಾಯಿಲೆ

ಮನೋರೋಗವೆಂದರೆ ಇಲ್ಲದ ದನಿ ಕೇಳುವುದು, ಕಾರಣವಿಲ್ಲದೆ ಅನುಮಾನಪಡುವುದು ಎಂದಷ್ಟೇ ಹಲವರು ತಿಳಿದಿರುತ್ತಾರೆ. ಆದರೆ ಕೆಲವರಲ್ಲಿ ಅದು ಮಾತು ಮತ್ತು ಮೈಯ ಚಲನೆಯನ್ನೂ ತಡೆಯುತ್ತದೆ. ಬ್ಯಾಲೆ ನರ್ತಕ ವಾಸ್ಲಾವ್ ನಿಜಿನ್‌ಸ್ಕಿ ಅವರಿಗೆ ಆದದ್ದು ಇದೇ.

ಏರಿದ ಎತ್ತರ

ನಿಜಿನ್‌ಸ್ಕಿ ಹುಟ್ಟಿದ್ದು ಕೀವ್‌ನಲ್ಲಿ. ತಂದೆ ತಾಯಿ ಇಬ್ಬರೂ ಪೋಲಿಷ್ ನರ್ತಕರು. ಅಣ್ಣ ಸ್ಟಾನಿಸ್ಲಾವ್ ಮಾನಸಿಕ ಕಾಯಿಲೆಯಿಂದ ಆಸ್ಪತ್ರೆ ಸೇರಿದ್ದರು. ಸೇಂಟ್ ಪೀಟರ್ಸ್‌ಬರ್ಗ್‌ನ ಬ್ಯಾಲೆ ಶಾಲೆಯಲ್ಲಿ ಕಲಿತ ನಿಜಿನ್‌ಸ್ಕಿ 1909ರಲ್ಲಿ ಪ್ಯಾರಿಸ್‌ನಲ್ಲಿ ಕುಣಿದಾಗ, ಅವರ ಜಿಗಿತ ಊರಿಡೀ ಮಾತಾಯಿತು. 1913ರಲ್ಲಿ ಅವರು ಸಂಯೋಜಿಸಿದ ‘ದಿ ರೈಟ್ ಆಫ್ ಸ್ಪ್ರಿಂಗ್’ ಭಾರಿ ಗದ್ದಲಕ್ಕೆ ಕಾರಣವಾಯಿತು. ಅದೇ ವರ್ಷ ರೊಮೊಲಾ ಅವರನ್ನು ಮದುವೆಯಾದರು, ನೃತ್ಯ ತಂಡದ ಕೆಲಸವನ್ನೂ ಕಳೆದುಕೊಂಡರು.

ಕೊನೆಯ ಪ್ರದರ್ಶನ

1919ರ ಜನವರಿ 19ರಂದು ಸ್ವಿಟ್ಜರ್ಲೆಂಡಿನ ಸೇಂಟ್ ಮೊರಿಟ್ಜ್‌ನ ಹೋಟೆಲೊಂದರಲ್ಲಿ ಅವರ ಪ್ರದರ್ಶನವಿತ್ತು. ಅವರು ಕುರ್ಚಿಯಲ್ಲಿ ಕೂತು, ಬಹಳ ಹೊತ್ತು ಪ್ರೇಕ್ಷಕರನ್ನು ಸುಮ್ಮನೆ ನೋಡುತ್ತಲೇ ಇದ್ದರು. ಆಮೇಲೆ ಕುಣಿದರು. ಆ ದಿನಗಳಲ್ಲಿ ಬರೆದ ದಿನಚರಿಯಲ್ಲಿ ವಿಚಾರಗಳ ಕೊಂಡಿ ಕಳಚುತ್ತದೆ, ಒಂದೇ ಮಾತು ಮತ್ತೆ ಮತ್ತೆ ಬರುತ್ತದೆ. ಆಗ ಅವರಿಗೆ ಮೂವತ್ತೂ ತುಂಬಿರಲಿಲ್ಲ.

ಜ್ಯೂರಿಚ್‌ನಲ್ಲಿ ಅವರನ್ನು ಪರೀಕ್ಷಿಸಿದವರು ಮನೋವೈದ್ಯ ಯೂಜೆನ್ ಬ್ಲಾಯ್ಲರ್. ಸ್ಕಿಜೋಫ್ರೀನಿಯಾ ಎಂಬ ಹೆಸರು ಕೊಟ್ಟವರೂ ಅವರೇ. ಅಲ್ಲಿಂದ ಮೂವತ್ತು ವರ್ಷ ನಿಜಿನ್‌ಸ್ಕಿ ಆಸ್ಪತ್ರೆಗಳಿಗೆ ಸೇರುತ್ತ, ಮನೆಗೆ ಬರುತ್ತ ಕಳೆದರು. ದೀರ್ಘ ಮೌನ, ಅಲುಗಾಡದೆ ಇರುವುದು, ನಡುವೆ ಹಠಾತ್ ಕೆರಳುವುದು. ಈ ಲಕ್ಷಣಗಳ ಗುಂಪಿಗೆ ಜರ್ಮನಿಯ ವೈದ್ಯ ಕಾಲ್‌ಬೌಮ್ 1874ರಲ್ಲೇ ಕ್ಯಾಟಟೋನಿಯಾ ಎಂದು ಹೆಸರಿಟ್ಟಿದ್ದರು. ಹೆಸರಿತ್ತು, ಒಳ್ಳೆಯ ಔಷಧಿ ಇರಲಿಲ್ಲ.

1930ರ ದಶಕದ ಕೊನೆಯಲ್ಲಿ ಅವರಿಗೆ ಇನ್ಸುಲಿನ್ ಕೊಟ್ಟು, ಪ್ರಜ್ಞೆ ತಪ್ಪಿಸುವ ಚಿಕಿತ್ಸೆ ಮಾಡಿದರು. 1939ರಲ್ಲಿ ನರ್ತಕ ಸೆರ್ಜ್ ಲಿಫಾರ್ ಬಂದು ಎದುರಿಗೆ ಕುಣಿದಾಗ, ನಿಜಿನ್‌ಸ್ಕಿ ಒಮ್ಮೆ ಮೇಲಕ್ಕೆ ಜಿಗಿದರು. ಆ ಫೋಟೊ ಇಂದಿಗೂ ಇದೆ. ಅಪಾಯಕಾರಿಯಾದ ಆ ಚಿಕಿತ್ಸೆಯನ್ನು ವೈದ್ಯರು ಕೈಬಿಟ್ಟು ದಶಕಗಳಾಗಿವೆ.

1950ರ ಏಪ್ರಿಲ್ 8ರಂದು ಅವರು ಲಂಡನ್ನಿನಲ್ಲಿ ತೀರಿಕೊಂಡರು. ಅದೇ ಡಿಸೆಂಬರಿನಲ್ಲಿ ಫ್ರಾನ್ಸ್‌ನಲ್ಲಿ ಕ್ಲೋರ್‌ಪ್ರೊಮಜೀನ್ ತಯಾರಾಯಿತು. ಮನೋರೋಗಕ್ಕೆ ಬಳಸಿದ ಮೊದಲ ಆಧುನಿಕ ಔಷಧಿ ಅದು.

ಇಂದು ಏನು ಮಾಡಬಹುದು?

ಕ್ಯಾಟಟೋನಿಯಾಕ್ಕೆ ಸಾಮಾನ್ಯವಾಗಿ ಮೊದಲು ಕೊಡುವುದು ಲೊರಾಜೆಪಾಮ್. ಕೆಲವರು ಕೆಲವೇ ಗಂಟೆಗಳಲ್ಲಿ ಮಾತಾಡುತ್ತಾರೆ, ಊಟ ಮಾಡುತ್ತಾರೆ. ಅದು ಸಾಲದಿದ್ದರೆ ಇಸಿಟಿ, ಅಂದರೆ ವಿದ್ಯುತ್ ಚಿಕಿತ್ಸೆ ಇದೆ. ನಮ್ಮ 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧಿ ಕೊಡದೆ ಇದನ್ನು ಮಾಡುವಂತಿಲ್ಲ.

ಮನೆಯವರು ಗಮನಿಸಬೇಕಾದದ್ದು:

• ಮಾತಾಡದಿರುವುದು, ಬಾಯಿ ತೆರೆಯದಿರುವುದು ಹಠವಲ್ಲ, ಕಾಯಿಲೆಯ ಲಕ್ಷಣ. ಉತ್ತರ ಬರದಿದ್ದರೂ ನಿಮ್ಮ ಮಾತು ಅವರಿಗೆ ಕೇಳಿಸುತ್ತಿರಬಹುದು.

• ಊಟ, ನೀರು ನಿಂತಿದ್ದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಅಲುಗಾಡದೆ ಮಲಗಿದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ಬಲವಂತವಾಗಿ ತಿನ್ನಿಸಬೇಡಿ, ಉಸಿರುಗಟ್ಟೀತು.

• ಹ್ಯಾಲೊಪೆರಿಡಾಲ್, ರಿಸ್ಪೆರಿಡೋನ್‌ನಂತಹ ಔಷಧಿಗಳಿಂದಲೂ ಮೈ ಬಿಗಿಯಬಹುದು, ಚಲನೆ ನಿಧಾನವಾಗಬಹುದು. ಕೆಲವೊಮ್ಮೆ ಇವು ಕ್ಯಾಟಟೋನಿಯಾವನ್ನು ಹೆಚ್ಚಿಸುತ್ತವೆ. ಆದ್ದರಿಂದ ನೀವಾಗಿಯೇ ಡೋಸ್ ಹೆಚ್ಚಿಸಬೇಡಿ, ನಿಲ್ಲಿಸಲೂ ಬೇಡಿ. ಎಲ್ಲ ಚೀಟಿ, ಮಾತ್ರೆಗಳನ್ನು ವೈದ್ಯರಿಗೆ ತೋರಿಸಿ.

• ಜ್ವರ, ಮೈ ಬಿಗಿತ, ಗೊಂದಲ ಒಟ್ಟಿಗೆ ಕಂಡರೆ ತುರ್ತು ಚಿಕಿತ್ಸೆ ಬೇಕು.

• ಲೊರಾಜೆಪಾಮ್ ಅನ್ನು ಒಮ್ಮೆಲೇ ನಿಲ್ಲಿಸಿದರೆ ಲಕ್ಷಣ ಮರಳಬಹುದು. ವೈದ್ಯರು ಹೇಳಿದಂತೆ ನಿಧಾನವಾಗಿ ಕಡಿಮೆ ಮಾಡಬೇಕು.

ನೀವು ಯಾವ ಊರಿನಲ್ಲಿದ್ದರೂ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿ ಮಾತಾಡಬಹುದು.