ಮಾಸ್ತಿಯವರು ಬಿಟ್ಟುಹೋದ ಆಸ್ತಿ

ಕೆಲಮಂಗಲದಿಂದ ಹೊಸೂರನ್ನು ದಾಟಿ ಉತ್ತರಕ್ಕೆ ಸಾಗಿದರೆ ಮಾಲೂರು ಸೀಮೆ ಸಿಗುತ್ತದೆ. ನಡುವೆ ಇರುವುದು ರಾಜ್ಯದ ಗಡಿ. 1799ರ ಮಾರ್ಚಿಯಲ್ಲಿ ಶ್ರೀರಂಗಪಟ್ಟಣಕ್ಕೆ ಹೊರಟ ಇಂಗ್ಲಿಷ್ ಸೈನ್ಯ ಕೆಲಮಂಗಲದಲ್ಲಿ ಬೀಡುಬಿಟ್ಟಿತ್ತು. ಟಿಪ್ಪು ಮಡಿದ ಮೇಲೆ ಕೆಲಮಂಗಲ ಮದರಾಸಿನ ಪಾಲಾಯಿತು, ಮಾಲೂರು ಮೈಸೂರಿನಲ್ಲಿ ಉಳಿಯಿತು.

ಆ ಮಾಲೂರು ತಾಲೂಕಿನ ಹೊಂಗೇನಹಳ್ಳಿಯಲ್ಲಿ 1891ರ ಜೂನ್ 6ರಂದು ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಜನಿಸಿದರು. ಮನೆಮಾತು ತಮಿಳು. ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡು ಕಷ್ಟದಲ್ಲಿ ಓದಿದರು. ಮದರಾಸಿನಲ್ಲಿ ಎಂ.ಎ. ಮುಗಿಸಿ, ಮೈಸೂರು ಸರಕಾರದ ಅಧಿಕಾರಿಯಾದರು. 1920ರಲ್ಲಿ ಮೊದಲ ಕಥಾಸಂಗ್ರಹ ಹೊರಬಂತು. ಕಿರಿಯರೊಬ್ಬರನ್ನು ತಮಗಿಂತ ಮೇಲಿನ ಸ್ಥಾನಕ್ಕೆ ಏರಿಸಿದಾಗ, 1943ರಲ್ಲಿ ಹುದ್ದೆಯನ್ನೇ ತ್ಯಜಿಸಿದರು. ಅನಂತರ ಎರಡು ದಶಕ 'ಜೀವನ' ಪತ್ರಿಕೆಯನ್ನು ನಡೆಸಿದರು.

ಆಳುವವರ ಒಳಹೊರಗನ್ನು ಬಲ್ಲ ಈ ಅಧಿಕಾರಿ 1956ರಲ್ಲಿ 'ಚಿಕವೀರ ರಾಜೇಂದ್ರ' ಕಾದಂಬರಿಯನ್ನು ಪ್ರಕಟಿಸಿದರು. 1834ರಲ್ಲಿ ಕೊಡಗನ್ನು ಕಳೆದುಕೊಂಡ ಕೊನೆಯ ಅರಸನ ಕಥೆ ಇದು. ಅಣ್ಣನ ಮಗಳಿಗೆ ಸಲ್ಲಬೇಕಾದ ಗದ್ದುಗೆಯನ್ನು ಕಬಳಿಸಿದವನು ತಂದೆ ಲಿಂಗರಾಜ. ಮಗನಿಗೆ ಅರಮನೆಯ ಜೊತೆಗೆ ಆ ಪಾಪದ ಹೊರೆಯೂ ಬಂತು. ಭಯ ಕ್ರೌರ್ಯವಾಯಿತು, ನಂಟರ ರಕ್ತ ಹರಿಯಿತು. ಇತಿಹಾಸದಲ್ಲಿ ಆ ಅರಸ ಕಾಶಿಗೂ, 1852ರಲ್ಲಿ ಲಂಡನಿಗೂ ಹೋಗಿ, ಮನೆತನದ ಹಣಕ್ಕಾಗಿ ಕಂಪೆನಿಯ ಮೇಲೆ ದಾವೆ ಹೂಡಿ, 1859ರಲ್ಲಿ ಅಲ್ಲಿಯೇ ತೀರಿಕೊಂಡ. ಮಾಸ್ತಿಯವರು ಅವನನ್ನು ಕ್ಷಮಿಸಲಿಲ್ಲ, ಅವನೊಬ್ಬನ ಮೇಲೆಯೇ ತಪ್ಪನ್ನು ಹೊರಿಸಲೂ ಇಲ್ಲ. ಈ ಕೃತಿಗಾಗಿ 1983ರ ಜ್ಞಾನಪೀಠ ಪ್ರಶಸ್ತಿ ಅವರನ್ನು ಅರಸಿ ಬಂತು. 1986ರಲ್ಲಿ, ಹುಟ್ಟಿದ ದಿನವಾದ ಜೂನ್ 6ರಂದೇ, ಅವರು ನಿಧನರಾದರು.

ಕಾದಂಬರಿ ಬಂದ 1956ರಲ್ಲೇ ಕಾಸರಗೋಡು ಕೇರಳಕ್ಕೆ ಸೇರಿತು. ಕೆಲಮಂಗಲ ಮದರಾಸಿನಲ್ಲೇ ಉಳಿಯಿತು. ಗಡಿಗಳನ್ನು ಎಳೆದವರು ಬೇರೆ, ಬಾಳುವವರು ನಾವು. ಹಿರಿಯರ ತಪ್ಪುಗಳನ್ನು ಎಣಿಸುತ್ತ ಕುಳಿತರೆ ನಾವೂ ಕೊಡಗಿನ ಅರಸನಂತೆ ದಾವೆಯಲ್ಲೇ ಆಯುಷ್ಯ ಸವೆಸಬೇಕಾದೀತು. ಮನೆಯಲ್ಲಿ ತಮಿಳಾಡಿದ ಹುಡುಗ ಕನ್ನಡದ ಆಸ್ತಿಯೆನಿಸಿದ್ದು ದುಡಿಮೆಯಿಂದ. ನಮ್ಮ ಶಾಲೆಗಳಲ್ಲೂ ಮನೆಯಲ್ಲಿ ಬೇರೆ ನುಡಿಯಾಡುವ ಮಕ್ಕಳಿದ್ದಾರೆ. ಜೂನಿನಲ್ಲಿ ಶಾಲೆ ತೆರೆದಾಗ ಅವರ ಕೈಗೆ ಮಾಸ್ತಿಯವರದೊಂದು ಕತೆಯನ್ನು ಕೊಡೋಣ. ಈ ಆಸ್ತಿಗೆ ಅವರೂ ಹಕ್ಕುದಾರರು.